ದೋಟಿ ಬಳುಕುವುದೇಕೆ? ಗಣಕದ ಉತ್ತರಕ್ಕಿಂತ ಕೇಳುವ ಪ್ರಶ್ನೆಯೇ ಮುಖ್ಯ

ಶಿಕಾರಿಪುರ/ಸೊರಬ: ಅಡಿಕೆ ಕೊಯ್ಲಿನ ಹಂಗಾಮು ಬಂತೆಂದರೆ ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ತೋಟಗಳಲ್ಲಿ ಕೊನೆ ತೆಗೆಯುವವರ ಹುಡುಕಾಟ ಆರಂಭವಾಗುತ್ತದೆ. ಮರ ಏರಬಲ್ಲ ಕೊನೆಗಾರರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಜಾರಿ ಬಿದ್ದು ಪ್ರಾಣ ಕಳೆದುಕೊಂಡವರ, ಸೊಂಟ ಮುರಿದು ಹಾಸಿಗೆ ಹಿಡಿದವರ ಕಥೆಗಳು ಮಲೆನಾಡಿಗೆ ಹೊಸತಲ್ಲ. ಈ ಕಾರಣದಿಂದಲೇ ನೆಲದ ಮೇಲೆ ನಿಂತು ಕೊನೆ ಕೊಯ್ಯುವ, ಔಷಧಿ ಹೊಡೆಯುವ ಉದ್ದನೆಯ ದೋಟಿಗೆ ಬೇಡಿಕೆ ಬಂದಿದೆ. ಬಿದಿರಿನ ದೋಟಿಯ ಜಾಗಕ್ಕೆ ಅಲ್ಯೂಮಿನಿಯಂ ದೋಟಿ ಬಂತು. ಅದರ ಹಿಂದೆಯೇ ಕಾರ್ಬನ್ ಫೈಬರ್ ದೋಟಿಯೂ ಬಂತು.

ನಲವತ್ತು ಅಡಿಯವರೆಗೆ ಹೇಳಿದ ಮಾತು ಕೇಳುವ ಕೊಳವೆ, ಅರವತ್ತು ಅಡಿಗೆ ಹೋದೊಡನೆ ಹಾವಿನಂತೆ ಬಳುಕತೊಡಗುತ್ತದೆ. ಕೊಳವೆ ಅದೇ, ತುದಿಯ ಕತ್ತಿಯೂ ಅದೇ, ಹಿಡಿದ ಕೈಯೂ ಅದೇ. ಹಾಗಾದರೆ ಬದಲಾದದ್ದೇನು? ಈ ಪ್ರಶ್ನೆಗೆ ಎಂಜಿನಿಯರಿಂಗ್ ಶಾಸ್ತ್ರ ನೀಡುವ ಉತ್ತರದ ಹೆಸರು ‘ಬಕ್ಲಿಂಗ್’. ಅಂದರೆ ಒತ್ತುಭಾರಕ್ಕೆ ಸಿಕ್ಕ ತೆಳುವಾದ ವಸ್ತು ಮುರಿಯುವ ಮೊದಲೇ ಪಕ್ಕಕ್ಕೆ ಬಳುಕಿ ನೆಲಕಚ್ಚುವುದು.

ಇಂದು ಈ ಲೆಕ್ಕವನ್ನು ಮಾಡಿಕೊಡಲು ಸಾಲಿಡ್‌ವರ್ಕ್ಸ್, ಆನ್ಸಿಸ್, ಅಬಾಕಸ್, ಸ್ಟಾಡ್ ಮುಂತಾದ ತಂತ್ರಾಂಶಗಳಿವೆ. ಉಚಿತವಾಗಿ ದೊರೆಯುವ ಕ್ಯಾಲ್ಕ್ಯುಲಿಕ್ಸ್ ಕೂಡ ಇದೆ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯೂ ಕೆಲವೇ ನಿಮಿಷಗಳಲ್ಲಿ ಉತ್ತರ ಪಡೆಯಬಹುದು. ಆದರೆ ಪರದೆಯ ಮೇಲೆ ಮೂಡುವ ಸಂಖ್ಯೆ, ಲೆಕ್ಕಕ್ಕೆ ಮೊದಲು ಆರಿಸಿದ ಆಯ್ಕೆಗಳ ಕೂಸು. ಆಯ್ಕೆ ತಪ್ಪಿದರೆ ಬಿದ್ದೇ ಬೀಳುವ ಕಂಬವೂ ಭದ್ರವೆಂಬ ಪ್ರಮಾಣಪತ್ರ ಪಡೆಯುತ್ತದೆ.

ಬಲ ಸಾಲದೆ ಅಲ್ಲ, ಬಿಗಿ ಸಾಲದೆ

ಪ್ಲಾಸ್ಟಿಕ್ ಅಡಿಪಟ್ಟಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಬೆರಳಲ್ಲಿ ಒತ್ತಿದರೆ ಅದು ಪುಡಿಯಾಗುವುದಿಲ್ಲ. ಥಟ್ಟನೆ ಪಕ್ಕಕ್ಕೆ ಬಾಗುತ್ತದೆ. ಬೆರಳು ತೆಗೆದರೆ ಮತ್ತೆ ನೆಟ್ಟಗಾಗುತ್ತದೆ. ವಸ್ತುವಿಗೆ ಏನೂ ಆಗಿಲ್ಲ, ಆದರೆ ಭಾರ ಹೊರುವ ಶಕ್ತಿ ಕೈಕೊಟ್ಟಿದೆ. ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1744ರಲ್ಲಿಯೇ ಇದನ್ನು ಲೆಕ್ಕದ ಚೌಕಟ್ಟಿಗೆ ತಂದನು. ಅವನ ಸೂತ್ರದ ಸಾರ ಸರಳ: ಕಂಬದ ಉದ್ದ ಇಮ್ಮಡಿಯಾದರೆ ಅದು ತಾಳಬಲ್ಲ ಒತ್ತುಭಾರ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಭಾರ ಹೊರಗಿನದಲ್ಲದೆ ಕಂಬದ ಸ್ವಂತ ತೂಕವೇ ಆಗಿದ್ದರೆ ಉದ್ದದ ಪೆಟ್ಟು ಇನ್ನೂ ಕಠಿಣ. ಇಂಗ್ಲೆಂಡಿನ ಗಣಿತಜ್ಞ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1881ರಲ್ಲಿ, ಒಂದು ಕಂಬ ಅಥವಾ ಮರ ತನ್ನ ತೂಕದಿಂದಲೇ ಬಳುಕದೆ ಎಷ್ಟು ಎತ್ತರ ನಿಲ್ಲಬಲ್ಲದು ಎಂಬುದನ್ನು ಲೆಕ್ಕ ಹಾಕಿದನು. ಅದರ ಪ್ರಕಾರ ದಪ್ಪ ಬದಲಾಗದೆ ಎತ್ತರ ಮಾತ್ರ ಇಮ್ಮಡಿಯಾದರೆ ಸುರಕ್ಷತೆಯ ಅಂತರ ಎಂಟನೆಯ ಒಂದು ಭಾಗಕ್ಕೆ ಕುಸಿಯುತ್ತದೆ.

ಈ ಲೆಕ್ಕವನ್ನು ಹಗುರವಾಗಿ ಕಂಡದ್ದಕ್ಕೆ ಜಗತ್ತು ದೊಡ್ಡ ಬೆಲೆ ತೆತ್ತಿದೆ. ಕೆನಡಾದ ಸೇಂಟ್ ಲಾರೆನ್ಸ್ ನದಿಗೆ ಕಟ್ಟಲಾಗುತ್ತಿದ್ದ ಕ್ವಿಬೆಕ್ ಸೇತುವೆ 1907ರ ಆಗಸ್ಟ್ 29ರಂದು ಕುಸಿದು 75 ಕಾರ್ಮಿಕರು ಸತ್ತರು. ಒತ್ತುಭಾರ ಹೊತ್ತಿದ್ದ ಕೆಳಗಿನ ಉಕ್ಕಿನ ತೊಲೆಗಳು ಬಳುಕಿದ್ದು, ಸೇತುವೆಯ ಸ್ವಂತ ತೂಕವನ್ನು ಕಡಿಮೆಯೆಂದು ಅಂದಾಜಿಸಿದ್ದು ತನಿಖೆಯಿಂದ ಹೊರಬಂತು.

ತಂತ್ರಾಂಶ ಕೊಡುವ ಸಂಖ್ಯೆ ಯಾವುದು?

ತಂತ್ರಾಂಶವು ಕಂಬವನ್ನು ಸಾವಿರಾರು ಸಣ್ಣ ತುಣುಕುಗಳಾಗಿ ವಿಭಜಿಸಿ, ಪ್ರತಿ ತುಣುಕಿನ ಬಿಗಿಯನ್ನು ಸಮೀಕರಣಗಳಲ್ಲಿ ಜೋಡಿಸುತ್ತದೆ. ಬಳಿಕ ಅದು ಹುಡುಕುವುದು ಒಂದೇ ಸಂಖ್ಯೆಯನ್ನು: ಈಗ ಹೇರಿರುವ ಭಾರವನ್ನು ಎಷ್ಟು ಪಟ್ಟು ಹೆಚ್ಚಿಸಿದರೆ ಕಂಬ ಬಳುಕುತ್ತದೆ? ಈ ಸಂಖ್ಯೆಯೇ ‘ಭಾರ ಗುಣಕ’. ಗುಣಕ 1ಕ್ಕಿಂತ ಹೆಚ್ಚಿದ್ದರೆ ಲೆಕ್ಕದ ಮಟ್ಟಿಗೆ ಕಂಬ ನಿಲ್ಲುತ್ತದೆ. 1ಕ್ಕಿಂತ ಕಡಿಮೆಯಿದ್ದರೆ ಈಗಿರುವ ಭಾರಕ್ಕೇ ಬೀಳುತ್ತದೆ.

ದೋಟಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಲೆಕ್ಕ ಸರಳವಾಗಲೆಂದು 50 ಮಿಲಿಮೀಟರ್ ಹೊರವ್ಯಾಸ, ಒಂದೂವರೆ ಮಿಲಿಮೀಟರ್ ದಪ್ಪದ ಏಕರೂಪದ ಕೊಳವೆ ಎಂದಿಟ್ಟುಕೊಳ್ಳೋಣ. ಉದ್ದ 18 ಮೀಟರ್, ಅಂದರೆ ಸುಮಾರು 60 ಅಡಿ. ತುದಿಯಲ್ಲಿ ಒಂದೂವರೆ ಕಿಲೋ ತೂಕ. ಬುಡ ಅಲುಗದಂತೆ ಬಿಗಿಯಾಗಿದೆ ಎಂಬುದು ಊಹೆ. ಕಾರ್ಬನ್ ಫೈಬರ್‌ನ ಬಿಗಿಯನ್ನು 100 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂನದನ್ನು 70 ಗಿಗಾಪ್ಯಾಸ್ಕಲ್ ಎಂದು ಹಿಡಿದರೆ ಫಲಿತಾಂಶ ಹೀಗಿರುತ್ತದೆ:

* 18 ಮೀಟರ್ ಕಾರ್ಬನ್ ಫೈಬರ್ ದೋಟಿ: ಗುಣಕ ಸುಮಾರು 1.5
* 18 ಮೀಟರ್ ಅಲ್ಯೂಮಿನಿಯಂ ದೋಟಿ: ಗುಣಕ ಸುಮಾರು 0.7
* 12 ಮೀಟರ್ ಅಲ್ಯೂಮಿನಿಯಂ ದೋಟಿ: ಗುಣಕ ಸುಮಾರು 2.2

ನಲವತ್ತು ಅಡಿಯಲ್ಲಿ ಭದ್ರವಾಗಿದ್ದ ಅಲ್ಯೂಮಿನಿಯಂ ಕೊಳವೆ ಅರವತ್ತು ಅಡಿಯಲ್ಲಿ ನಿಲ್ಲಲಾರದು ಎಂಬುದು ಇದರಿಂದ ಸ್ಪಷ್ಟ. ತುದಿಯಲ್ಲಿ ಏನನ್ನೂ ಕಟ್ಟದಿದ್ದರೂ ಅದರ ಗುಣಕ ಸುಮಾರು 1. ಅಂದರೆ ಸ್ವಂತ ತೂಕವೇ ಅದಕ್ಕೆ ಹೊರೆ. ಕಾರ್ಬನ್ ಫೈಬರ್ ಹೆಚ್ಚು ಬಿಗಿ, ಜೊತೆಗೆ ಹಗುರ. ದುಬಾರಿಯಾದರೂ ಅದಕ್ಕೆ ಬೇಡಿಕೆ ಬರಲು ಈ ಎರಡು ಗುಣಗಳೇ ಕಾರಣ. ಆದರೆ 1.5 ಎಂಬ ಸಂಖ್ಯೆಯನ್ನು ನಂಬಿ ಕೆಲಸಕ್ಕಿಳಿಯುವ ಮುನ್ನ ಅದರ ಹಿಂದಿರುವ ಆಯ್ಕೆಗಳನ್ನು ಪರಿಶೀಲಿಸುವುದು ಅಗತ್ಯ.

ಬುಡ ಹೇಗಿದೆ? ತುದಿ ಹೇಗಿದೆ?

ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರುವ ಆಯ್ಕೆ ಆಧಾರದ್ದು. ಬುಡ ಬಿಗಿಯಾಗಿದ್ದು ತುದಿ ಸ್ವತಂತ್ರವಾಗಿರುವ ಕಂಬ ತುದಿಯಲ್ಲಿ 1 ಪಾಲು ಭಾರ ತಾಳಿದರೆ, ಎರಡೂ ತುದಿ ಸರಿಯದೆ ತಿರುಗಲು ಮಾತ್ರ ಅವಕಾಶವಿರುವ ಅದೇ ಕಂಬ 4 ಪಾಲು ತಾಳುತ್ತದೆ. ಒಂದು ತುದಿ ಬಿಗಿ, ಇನ್ನೊಂದು ತಿರುಗುವಂತಿದ್ದರೆ ಸುಮಾರು 8 ಪಾಲು. ಎರಡೂ ಬಿಗಿಯಾಗಿದ್ದರೆ 16 ಪಾಲು. ಮೌಸ್‌ನ ಒಂದು ಕ್ಲಿಕ್‌ನಿಂದ ಉತ್ತರ ಹದಿನಾರು ಪಟ್ಟು ಬದಲಾಗಬಲ್ಲದು.

ತೋಟದಲ್ಲಿ ದೋಟಿಯ ಬುಡವನ್ನು ಹಿಡಿದಿರುವುದು ಕಾಂಕ್ರೀಟ್ ಅಲ್ಲ, ಮನುಷ್ಯನ ಎರಡು ಕೈ. ಕೈ ಎಷ್ಟೇ ಬಿಗಿಯಾಗಿ ಹಿಡಿದರೂ ಸ್ವಲ್ಪ ತಿರುಗಲು ಬಿಟ್ಟೇ ಬಿಡುತ್ತದೆ. ಹೀಗಾಗಿ ‘ಬಿಗಿ ಆಧಾರ’ ಎಂದು ಆಯ್ದು ಪಡೆದ 1.5 ಎಂಬುದು ವಾಸ್ತವದಲ್ಲಿ ಸಿಗಬಹುದಾದ ಗರಿಷ್ಠ ಮಿತಿಯೇ ಹೊರತು ಸಾಮಾನ್ಯ ಸ್ಥಿತಿಯಲ್ಲ. ಕತ್ತಿ ಕೊನೆಗೆ ಸಿಕ್ಕಿಕೊಂಡ ಕ್ಷಣ ತುದಿಗೂ ಒಂದು ಆಧಾರ ದೊರೆತು ದೋಟಿ ಸ್ಥಿರವಾಗುತ್ತದೆ. ಅಪಾಯ ಇರುವುದು ದೋಟಿಯನ್ನು ಎತ್ತಿ ನಿಲ್ಲಿಸುವಾಗ, ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುವಾಗ ಮತ್ತು ಕೊನೆ ಕಳಚಿ ಬಿದ್ದ ಕ್ಷಣದಲ್ಲಿ. ತಂತ್ರಾಂಶಕ್ಕೆ ಒಪ್ಪಿಸಬೇಕಾದದ್ದು ಈ ಕೆಟ್ಟ ಸ್ಥಿತಿಯನ್ನೇ.

ನಗರದವರಿಗೂ ಈ ಮಾತು ಅನ್ವಯಿಸುತ್ತದೆ. ಮನೆಯ ಆರ್‌ಸಿಸಿ ಚಾವಣಿ ಹಾಕುವಾಗ ಸೆಂಟ್ರಿಂಗ್‌ಗೆ ನಿಲ್ಲಿಸುವ ಕಂಬಗಳು ಹಸಿ ಕಾಂಕ್ರೀಟಿನ ಭಾರವನ್ನು ಒತ್ತುಭಾರವಾಗಿಯೇ ಹೊರುತ್ತವೆ. ಕಂಬದ ನಡುಮಧ್ಯೆ ಎರಡೂ ದಿಕ್ಕಿನಲ್ಲಿ ಅಡ್ಡಪಟ್ಟಿ ಬಿಗಿದು ಓರೆಪಟ್ಟಿಯನ್ನೂ ಕೊಟ್ಟರೆ ಬಳುಕುವ ಉದ್ದ ಅರ್ಧವಾಗಿ ತಾಳುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಡ್ಡಪಟ್ಟಿಯ ಖರ್ಚು ಉಳಿಸಿದರೆ ಕಳೆದುಕೊಳ್ಳುವುದು ಈ ನಾಲ್ಕು ಪಟ್ಟನ್ನು.

‘ಮೃದು ಸ್ಪ್ರಿಂಗ್’ ಎಂಬ ಮೋಹ

ಬುಡಕ್ಕೆ ಸಾಕಷ್ಟು ಆಧಾರ ಕೊಡದಿದ್ದರೆ ತಂತ್ರಾಂಶ ಲೆಕ್ಕ ನಿಲ್ಲಿಸಿ ದೋಷದ ಸಂದೇಶ ತೋರಿಸುವುದುಂಟು. ಬುಡ ತಿರುಗುವಂತಿದ್ದು ತುದಿ ಸ್ವತಂತ್ರವಾಗಿದ್ದರೆ ದೋಟಿ ನಿಲ್ಲುವುದೇ ಇಲ್ಲವಾದ್ದರಿಂದ ಈ ಸಂದೇಶ ನ್ಯಾಯವೇ. ಆದರೆ ಕೆಲವು ತಂತ್ರಾಂಶಗಳಲ್ಲಿ ಮಾದರಿಯನ್ನು ಸ್ಥಿರಗೊಳಿಸಲು ಮೃದುವಾದ ಕಾಲ್ಪನಿಕ ಸ್ಪ್ರಿಂಗ್‌ಗಳನ್ನು ಸುತ್ತಲೂ ಜೋಡಿಸುವ ಆಯ್ಕೆಯಿದೆ. ಅದಕ್ಕೆ ಗುರುತು ಹಾಕಿದೊಡನೆ ದೋಷದ ಸಂದೇಶ ಮಾಯವಾಗಿ ಒಂದು ಸಂಖ್ಯೆ ಪ್ರತ್ಯಕ್ಷವಾಗುತ್ತದೆ.

ಆ ಸಂಖ್ಯೆ ದೋಟಿಯದಲ್ಲ, ಸ್ಪ್ರಿಂಗ್‌ನದು. ಭಾರಗಳು ತಮ್ಮೊಳಗೇ ಸಮತೋಲ ಹೊಂದಿದ್ದು, ಮಾದರಿ ಅತ್ತಿತ್ತ ತೇಲದಂತೆ ತಡೆಯಲು ಮಾತ್ರ ಈ ಆಯ್ಕೆ ಉಪಯುಕ್ತ. ಆಧಾರವೇ ಇಲ್ಲದ ಕಡೆ ಅದನ್ನು ಬಳಸುವುದೆಂದರೆ ತೋಟದಲ್ಲಿಲ್ಲದ ಕೈಯೊಂದು ದೋಟಿಯನ್ನು ಹಿಡಿದಿದೆ ಎಂದು ನಂಬಿದಂತೆ.

ಗುಣಕ ಯಾವ ಭಾರಕ್ಕೆ?

ಬಹುತೇಕರು ಎಡವುವ ಇನ್ನೊಂದು ಜಾಗ ಇದು. ಭಾರ ಗುಣಕ 1.5 ಎಂದರೆ ತುದಿಯ ತೂಕವನ್ನು ಒಂದೂವರೆ ಪಟ್ಟು ಹೆಚ್ಚಿಸಬಹುದು ಎಂದು ಓದುವುದು ವಾಡಿಕೆ. ಆದರೆ ತಂತ್ರಾಂಶ ಮಾದರಿಯ ಮೇಲಿರುವ ಎಲ್ಲ ಭಾರಗಳನ್ನೂ, ಗುರುತ್ವಾಕರ್ಷಣೆಯನ್ನೂ ಸೇರಿಸಿ, ಒಟ್ಟಿಗೇ ಗುಣಿಸುತ್ತದೆ. ದೋಟಿಯ ಸ್ವಂತ ತೂಕವಾದರೋ ಬದಲಾಗುವಂಥದ್ದಲ್ಲ.

ಮೇಲಿನ ಕಾರ್ಬನ್ ಫೈಬರ್ ಉದಾಹರಣೆಯಲ್ಲಿ ಸ್ವಂತ ತೂಕವನ್ನು ಹಾಗೆಯೇ ಇರಿಸಿ ತುದಿಯ ತೂಕವನ್ನು ಮಾತ್ರ ಏರಿಸುತ್ತಾ ಹೋದರೆ, ಬಳುಕುವ ಹಂತ ಬರುವುದು ಸುಮಾರು 3 ಕಿಲೋಗೆ. ಅಂದರೆ ಒಂದೂವರೆ ಕಿಲೋದ ಸುಮಾರು ಎರಡು ಪಟ್ಟಿಗೆ. ಹೀಗಾಗಿ 1.5 ಮತ್ತು 2 ಎರಡೂ ಸರಿಯಾದ ಉತ್ತರಗಳೇ, ಪ್ರಶ್ನೆಗಳು ಬೇರೆ. ಸ್ಥಿರವಾದ ಭಾರವನ್ನು ಮೊದಲ ಹಂತದಲ್ಲಿ ಹೇರಿ, ಬದಲಾಗುವ ಭಾರವನ್ನು ಮಾತ್ರ ಎರಡನೆಯ ಹಂತದಲ್ಲಿ ಗುಣಿಸುವ ಅವಕಾಶ ಅಬಾಕಸ್‌ನಂತಹ ತಂತ್ರಾಂಶಗಳಲ್ಲಿದೆ. ಅದಿಲ್ಲದ ಕಡೆ ತುದಿಯ ತೂಕವನ್ನು ತಿದ್ದುತ್ತಾ ಗುಣಕ ಸರಿಯಾಗಿ 1 ಆಗುವವರೆಗೆ ಲೆಕ್ಕವನ್ನು ಮರಳಿ ಮರಳಿ ನಡೆಸಬೇಕಾಗುತ್ತದೆ.

ಕೆಲವೊಮ್ಮೆ ಗುಣಕ ಋಣ ಸಂಖ್ಯೆಯಾಗಿ ಬರುವುದೂ ಉಂಟು. ಇದು ತಂತ್ರಾಂಶದ ದೋಷವಲ್ಲ. ಭಾರದ ದಿಕ್ಕನ್ನು ತಿರುಗಿಸಿದರೆ ಮಾತ್ರ ಬಳುಕುತ್ತದೆ ಎಂಬುದು ಅದರ ಅರ್ಥ. ಕೊನೆಗೆ ಕತ್ತಿ ಸಿಕ್ಕಿಸಿ ಕೆಳಗೆ ಎಳೆಯುವಾಗ ದೋಟಿ ಹಗ್ಗದಂತೆ ಸೆಳೆತಕ್ಕೆ ಒಳಗಾಗುತ್ತದೆ. ಎಳೆತದಲ್ಲಿರುವ ಕೊಳವೆ ಬಳುಕುವುದಿಲ್ಲ. ಅದೇ ಬಲದಿಂದ ಮೇಲಕ್ಕೆ ತಳ್ಳಿದರೆ ಬಳುಕಬಹುದು.

ಎಷ್ಟು ರೂಪಗಳನ್ನು ಕೇಳಬೇಕು?

ಕಂಬ ಬಳುಕುವ ರೂಪಕ್ಕೆ ‘ಮೋಡ್’ ಎನ್ನುತ್ತಾರೆ. ಮೊದಲನೆಯದರಲ್ಲಿ ಇಡೀ ದೋಟಿ ಬಿಲ್ಲಿನಂತೆ ಒಂದೇ ಕಡೆಗೆ ಬಾಗಿದರೆ, ಮುಂದಿನ ರೂಪಗಳಲ್ಲಿ ಅಲೆಯಂತೆ ಅತ್ತಿತ್ತ ಬಾಗುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಬಳಕೆದಾರರು ಬದಲಿಸದಿದ್ದರೆ ಒಂದೇ ರೂಪದ ಉತ್ತರ ಬರುತ್ತದೆ. ಅತಿ ಕಡಿಮೆ ಗುಣಕವಿರುವ ಮೊದಲ ರೂಪವೇ ನಿರ್ಣಾಯಕವಾದ್ದರಿಂದ ಅದು ಸಾಕೆನಿಸಬಹುದು.

ಆದರೂ ನಾಲ್ಕೈದು ರೂಪಗಳನ್ನು ಕೇಳುವುದು ಜಾಣತನ. ದುಂಡು ಕೊಳವೆ ಪೂರ್ವ-ಪಶ್ಚಿಮಕ್ಕೂ ಉತ್ತರ-ದಕ್ಷಿಣಕ್ಕೂ ಒಂದೇ ಸುಲಭದಲ್ಲಿ ಬಾಗುವುದರಿಂದ ಮೊದಲೆರಡು ಗುಣಕಗಳು ಒಂದೇ ಆಗಿರಬೇಕು. ಹಾಗಿಲ್ಲದಿದ್ದರೆ ಮಾದರಿಯಲ್ಲಿಯೋ ಆಧಾರದಲ್ಲಿಯೋ ತಪ್ಪಾಗಿದೆ ಎಂದು ತಿಳಿಯಬಹುದು. ತೆಳುಗೋಡೆಯ ರಚನೆಗಳಲ್ಲಿ ಬೇರೆ ಬೇರೆ ರೂಪಗಳ ಗುಣಕಗಳು ತೀರ ಹತ್ತಿರವಿದ್ದರೆ ಅದು ಎಚ್ಚರಿಕೆಯ ಗಂಟೆ. ಅಂಥವು ಸಣ್ಣ ಸೊಟ್ಟಿಗೂ ಬೇಗ ಸೋಲಬಲ್ಲವು.

ತುಣುಕುಗಳ ಬಗೆಯೂ ಮುಖ್ಯ. ದೋಟಿಯನ್ನು ಬರೀ ಗೆರೆಯಂತಹ ತೊಲೆಯಾಗಿ ಪರಿಗಣಿಸಿದರೆ ಲೆಕ್ಕ ಬೇಗ ಮುಗಿಯುತ್ತದೆ, ಆದರೆ ಕೊಳವೆಯ ತೆಳುಗೋಡೆ ಒಂದೆಡೆ ನಗ್ಗುವುದು ಕಾಣಿಸುವುದಿಲ್ಲ. ಅದನ್ನು ಕಾಣಲು ಗೋಡೆಯನ್ನು ಹಾಳೆಯಂತಹ ತುಣುಕುಗಳಿಂದ ರಚಿಸಬೇಕು. ತುಣುಕುಗಳು ದೊಡ್ಡದಾಗಿದ್ದರೆ ಗುಣಕ ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚಾಗಿ ಬರುತ್ತದೆ. ಹೀಗಾಗಿ ತುಣುಕುಗಳನ್ನು ಕಿರಿದಾಗಿಸಿ ಮತ್ತೊಮ್ಮೆ ಲೆಕ್ಕ ಮಾಡಿ, ಉತ್ತರ ಬದಲಾಗದೆ ನಿಂತಾಗ ಮಾತ್ರ ಒಪ್ಪಬೇಕು. ಸಮೀಕರಣ ಬಿಡಿಸುವ ‘ಸಾಲ್ವರ್’ ಆಯ್ಕೆ ಮುಖ್ಯವಾಗಿ ಸಮಯ ಮತ್ತು ಗಣಕದ ಸ್ಮರಣೆಗೆ ಸಂಬಂಧಿಸಿದ್ದು. ಎರಡು ಸಾಲ್ವರ್‌ಗಳು ಬೇರೆ ಬೇರೆ ಉತ್ತರ ಕೊಟ್ಟರೆ ಮಾದರಿಯನ್ನೇ ಅನುಮಾನಿಸಬೇಕು.

ನೆಟ್ಟಗಿರುವ ಕಂಬ ಎಲ್ಲಿದೆ?

ಇಷ್ಟೆಲ್ಲ ಸರಿಯಾದರೂ ಈ ಲೆಕ್ಕ ಒಂದು ಆದರ್ಶವನ್ನು ಆಧರಿಸಿದೆ: ಕಂಬ ಕಿಂಚಿತ್ತೂ ಸೊಟ್ಟಗಿಲ್ಲ, ಭಾರ ಸರಿಯಾಗಿ ನಡುವಿನಲ್ಲಿದೆ. ಒಂದರೊಳಗೊಂದು ಸೇರುವ ದೋಟಿಯ ಪ್ರತಿ ಕೀಲಿನಲ್ಲಿಯೂ ಸ್ವಲ್ಪ ಸಡಿಲವಿರುತ್ತದೆ. ಗಾಳಿ ಬೀಸುತ್ತದೆ. ಹಿಡಿದವರ ಕೈ ಅಲುಗುತ್ತದೆ.

ಗುಣಕ 1ರ ಸಮೀಪ ಇದ್ದಷ್ಟೂ ಮೊದಲಿದ್ದ ಸಣ್ಣ ಸೊಟ್ಟು ದೊಡ್ಡದಾಗುತ್ತದೆ. ಭಾರವಿಲ್ಲದಾಗ ತುದಿ ಒಂದು ಅಡಿ ಸೊಟ್ಟಗಿದ್ದರೆ, ಗುಣಕ 3 ಇರುವಾಗ ಅದು ಸುಮಾರು ಒಂದೂವರೆ ಅಡಿಯಾಗುತ್ತದೆ, ಗುಣಕ 1.5 ಇರುವಾಗ ಸುಮಾರು ಮೂರು ಅಡಿ. ಲೆಕ್ಕದಲ್ಲಿ ನಿಲ್ಲುವ ದೋಟಿ ತೋಟದಲ್ಲಿ ಹತೋಟಿ ತಪ್ಪುವುದು ಹೀಗೆ.

ಇದಕ್ಕೆ ಪರಿಹಾರವೆಂದರೆ ಎರಡನೆಯ ಸುತ್ತಿನ, ಅರೇಖೀಯ ವಿಶ್ಲೇಷಣೆ. ಮೊದಲ ಲೆಕ್ಕದಲ್ಲಿ ಸಿಕ್ಕ ಬಳುಕುವ ರೂಪವನ್ನೇ ಸಣ್ಣ ಪ್ರಮಾಣದಲ್ಲಿ ಕಂಬಕ್ಕೆ ಸೊಟ್ಟಾಗಿ ಕೊಟ್ಟು, ಭಾರವನ್ನು ಹಂತಹಂತವಾಗಿ ಏರಿಸಿ ನೋಡಲಾಗುತ್ತದೆ. ಉಕ್ಕಿನ ಕಟ್ಟಡಗಳಿಗೆ ಸಂಬಂಧಿಸಿದ ಭಾರತೀಯ ಸಂಹಿತೆ ಐಎಸ್ 800ರ 2007ರ ಆವೃತ್ತಿಯೂ ಇದೇ ತತ್ತ್ವವನ್ನು ಅನುಸರಿಸಿದೆ. ಕಂಬಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗಕ್ಕೂ ನ್ಯೂನತೆಯ ಅಂಕವೊಂದನ್ನು ಅದು ನಿಗದಿಪಡಿಸಿದೆ, ‘ಎ’ಗೆ 0.21 ಇದ್ದರೆ ‘ಡಿ’ಗೆ 0.76. ಅಂದರೆ ಕಂಬ ಸೊಟ್ಟಗಿದ್ದೇ ಇರುತ್ತದೆ ಎಂದು ಕಾನೂನೇ ಒಪ್ಪಿಕೊಂಡಿದೆ.

ಬಳ್ಳಿಗಾವಿಯ ಪಾಠ

ದೊಡ್ಡ ಗುಣಕ ಬಂದೊಡನೆ ನಿಶ್ಚಿಂತರಾಗುವುದೂ ತಪ್ಪು ಎಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಸಾಕ್ಷಿಯಿದೆ. ಕ್ರಿ.ಶ. 1047ರಲ್ಲಿ ನಿಲ್ಲಿಸಲಾದ ಅಲ್ಲಿನ ಗಂಡಭೇರುಂಡ ಸ್ತಂಭ ಸುಮಾರು 30 ಅಡಿ ಎತ್ತರದ, ಒಂದೂವರೆ ಅಡಿಯಷ್ಟು ದಪ್ಪದ ಕಲ್ಲು. ಸ್ವಂತ ತೂಕಕ್ಕೆ ಅದು ಬಳುಕುವುದೇ ಎಂದು ಸಾಧಾರಣ ಕಲ್ಲಿನ ಗುಣಗಳನ್ನು ಹಿಡಿದು ಲೆಕ್ಕ ಹಾಕಿದರೆ ಗುಣಕ ನೂರನ್ನೂ ಮೀರುತ್ತದೆ.

ಹಾಗೆಂದು ಆ ಸ್ತಂಭ ನೂರು ಪಟ್ಟು ಸುರಕ್ಷಿತ ಎಂದಲ್ಲ. ಕಲ್ಲಿನ ಕಂಬಕ್ಕೆ ಬಳುಕುವ ಭಯವಿಲ್ಲ. ಅದಕ್ಕಿರುವ ಭಯ ತಳಪಾಯ ಕುಸಿದು ವಾಲುವುದು, ವಾಲಿದಾಗ ಒಂದು ಬದಿಯಲ್ಲಿ ಸೆಳೆತ ಉಂಟಾಗಿ ಬಿರುಕು ಬಿಡುವುದು. ಬಕ್ಲಿಂಗ್ ವಿಶ್ಲೇಷಣೆ ಇವೆರಡನ್ನೂ ನೋಡುವುದೇ ಇಲ್ಲ. ಸುಮಾರು ಸಾವಿರ ವರ್ಷ ಆ ಕಲ್ಲನ್ನು ಕಾಯ್ದದ್ದು ಅದರ ಬುಡದ ನೆಲ.

ಸ್ತಂಭಕ್ಕೆ ವ್ಯತಿರಿಕ್ತವಾಗಿ ನಿಲ್ಲುವುದು ಅಡಿಕೆ ಮರ. ತೆಂಗಿನಂತೆ ಇದೂ ತಾಳೆಯ ಜಾತಿ. ಎತ್ತರ ಏರಿದಂತೆ ಮಾವು, ಹಲಸಿನ ಹಾಗೆ ಕಾಂಡ ದಪ್ಪವಾಗುತ್ತಾ ಹೋಗುವುದಿಲ್ಲ. ಅದರ ಬದಲು ಕಾಂಡದ ಹೊರಭಾಗ ವಯಸ್ಸಾದಂತೆ ಗಟ್ಟಿಯಾಗುತ್ತದೆ, ಒಳತಿರುಳು ಮೃದುವಾಗಿಯೇ ಉಳಿಯುತ್ತದೆ. ಬಿಗಿ ಬೇಕಾದದ್ದು ಹೊರಗೆ ಎಂಬ ಈ ವಿನ್ಯಾಸವೇ ದೋಟಿಯ ಕೊಳವೆಯಲ್ಲಿಯೂ ಇದೆ. ಮಲೆನಾಡಿಗರು ಅಡಿಕೆ ಮರ ಸೀಳಿ ತಿರುಳು ಕೆತ್ತಿ ದಬ್ಬೆ ಮಾಡುವಾಗ ಉಳಿಸಿಕೊಳ್ಳುವುದೂ ಈ ಹೊರಭಾಗವನ್ನೇ. ಇಂಥ ಕಾಂಡವನ್ನು ತಂತ್ರಾಂಶದಲ್ಲಿ ಒಂದೇ ವಸ್ತುವೆಂದು ನಮೂದಿಸಿದರೆ ಉತ್ತರ ತಪ್ಪಾಗುತ್ತದೆ. ನೂಲಿನ ದಿಕ್ಕಿಗೆ ತಕ್ಕಂತೆ ಬಿಗಿ ಬದಲಾಗುವ ಕಾರ್ಬನ್ ಫೈಬರ್‌ಗೂ ಇದೇ ಎಚ್ಚರ ಬೇಕು.

ನೆನಪಿಡಬೇಕಾದ ಅಂಶಗಳು

* ಆಧಾರವನ್ನು ಅನುಕೂಲಕ್ಕೆ ತಕ್ಕಂತೆ ಆರಿಸದೆ, ಸ್ಥಳದಲ್ಲಿ ಇರುವಂತೆ ಆರಿಸಬೇಕು. ಅನುಮಾನವಿದ್ದರೆ ಸಡಿಲವಾದುದನ್ನೇ ಆರಿಸಬೇಕು.
* ಸ್ವಂತ ತೂಕ ಸೇರಿದೆಯೇ, ಗುಣಕ ಅದನ್ನೂ ಗುಣಿಸುತ್ತಿದೆಯೇ ಎಂದು ನೋಡಬೇಕು.
* ದೋಷದ ಸಂದೇಶವನ್ನು ಸ್ಪ್ರಿಂಗ್ ಹಾಕಿ ಬಾಯಿ ಮುಚ್ಚಿಸಬಾರದು.
* ಒಂದಕ್ಕಿಂತ ಹೆಚ್ಚು ರೂಪಗಳನ್ನು ಕೇಳಿ, ಅವುಗಳ ಚಿತ್ರವನ್ನು ಕಣ್ಣಾರೆ ನೋಡಬೇಕು.
* ಆಯ್ಲರನ ಸೂತ್ರದಿಂದ ಕಾಗದದ ಮೇಲೆ ಒಮ್ಮೆ ತಾಳೆ ನೋಡಬೇಕು. ಎರಡರ ನಡುವೆ ಭಾರಿ ಅಂತರವಿದ್ದರೆ ಕಾರಣ ಸಿಗುವವರೆಗೆ ಮುಂದುವರಿಯಬಾರದು.

ಇವಿಷ್ಟನ್ನು ಪಾಲಿಸಿದರೂ ತಂತ್ರಾಂಶ ಹೇಳದೆ ಉಳಿಯುವ ಅಪಾಯವೊಂದಿದೆ. ಅಲ್ಯೂಮಿನಿಯಂನಂತೆ ಕಾರ್ಬನ್ ಫೈಬರ್ ಕೂಡ ವಿದ್ಯುತ್ ವಾಹಕ. ಬಳುಕಿದ ದೋಟಿ ನೆಲಕ್ಕೆ ಬಿದ್ದರೆ ನಷ್ಟ ಹಣದ್ದು. ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಯ ಮೇಲೆ ಬಿದ್ದರೆ ನಷ್ಟ ಜೀವದ್ದು. ದೋಟಿ ಯಾವ ದಿಕ್ಕಿಗೆ ಬಳುಕುತ್ತದೆ ಎಂಬುದನ್ನು ಗಣಕ ಮೊದಲೇ ಹೇಳಲಾರದು. ದುಂಡು ಕೊಳವೆಗೆ ಎಲ್ಲ ದಿಕ್ಕೂ ಒಂದೇ. ಆದ್ದರಿಂದ ಗುಣಕ ಎಷ್ಟೇ ಇರಲಿ, ದೋಟಿಯನ್ನು ಎತ್ತುವ ಮೊದಲು ಅದರ ಪೂರ್ಣ ಉದ್ದದ ಸುತ್ತಳತೆಯಲ್ಲಿ ತಂತಿ ಇದೆಯೇ ಎಂದು ತಲೆಯೆತ್ತಿ ನೋಡಲೇಬೇಕು.